ಕೆಂಗೇರಿಯ ಹುಳ, ಹಾಲೆಂಡಿನ ಹರಿಕಥೆ

ಕೆಂಗೇರಿ

ಹಾಲೆಂಡಿಗೆ ಹೊರಟಿದ್ದೇನೆ ಎಂದು ಗೊತ್ತಾದ ದಿನ ಚಂದ್ರಾ ಲೇಔಟಿನ ನಮ್ಮ ರಸ್ತೆಯವರೆಲ್ಲ ಟುಲಿಪ್ ತೋಟದ ಫೋಟೋ ಕಳಿಸಬೇಕೆಂದು ಅಪ್ಪಣೆ ಮಾಡಿದರು. ಹೊರಟಿರುವುದು ಎರೆಹುಳುವಿನ ವಿಷಯವಾಗಿ ಎಂದು ತಿಳಿದ ಮೇಲೆ ಯಾರೂ ಏನೂ ಕೇಳಲಿಲ್ಲ. ಹಾಲಿನ ಅಂಗಡಿಯವನೊಬ್ಬ ಮಾತ್ರ, "ಸಾರ್, ಹುಳ ನೋಡೋಕೆ ಫಾರಿನ್ನಿಗಾ? ನಮ್ಮನೆ ಬಚ್ಚಲಿಗೆ ಬನ್ನಿ, ಫ್ರೀಯಾಗಿ ತೋರಿಸ್ತೀನಿ" ಎಂದ.

ಹುಳ ನನ್ನದಲ್ಲ, ನಮ್ಮ ಮೇಷ್ಟ್ರದು. ನಾನು ವಿಜಯನಗರದ ಒಂದು ಪಿಯು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವವನು. ನನಗೆ ಅದನ್ನು ಹೇಳಿಕೊಟ್ಟವರು ಪ್ರೊಫೆಸರ್ ಹನುಮಂತೇಗೌಡರು. ಕೆಂಗೇರಿಯ ಹಳೇ ಊರಿನ ಒಕ್ಕಲು ಮನೆತನ. ಅಪ್ಪನ ಕಾಲದ ರಾಗಿ ಹೊಲವೆಲ್ಲ ಸೈಟುಗಳಾಗಿ ಹೋಗಿ, ಕೊನೆಗೆ ಉಳಿದ ತುಂಡಿನಲ್ಲಿ ಮೇಷ್ಟ್ರು ರಿಟೈರಾದ ಮೇಲೆ ಮಹಡಿ ಮನೆ ಕಟ್ಟಿಸಿದರು. ನೆಲದಡಿಯ ನೀರಿನ ಸಂಪ್‌ಗೆಂದು ಗುಂಡಿ ತೋಡಿಸುವಾಗ ಮಣ್ಣಿನಲ್ಲಿ ಒಂದು ಎರೆಹುಳು ಅವರ ಕಣ್ಣಿಗೆ ಬಿತ್ತು. ಜೀವಮಾನವೆಲ್ಲ ಆ ಸೀಮೆಯ ಎರೆಹುಳುಗಳನ್ನೇ ನೋಡಿಕೊಂಡು ಬಂದವರು, ಇಂಥದ್ದನ್ನು ಕಂಡಿರಲಿಲ್ಲ. ಬೇರೆಯವರಾಗಿದ್ದರೆ ಸಿಮೆಂಟ್ ಮೂಟೆ ಎಣಿಸುತ್ತಾ ನಿಂತಿರುತ್ತಿದ್ದರು. ಇವರು ಹುಳವನ್ನು ಅಂಗೈಯಲ್ಲಿಟ್ಟುಕೊಂಡು ಓಡಿಹೋಗಿ ಸ್ಪಿರಿಟ್ ತುಂಬಿದ ಗಾಜಿನ ಕೊಳವೆಗೆ ಇಳಿಸಿದರು. ವಾಪಸ್ ಬಂದು ಇನ್ನೊಂದು ಹುಡುಕೋಣ ಎನ್ನುವಷ್ಟರಲ್ಲಿ ಮೇಸ್ತ್ರಿ ಕಾಂಕ್ರೀಟ್ ಸುರಿಸಿಬಿಟ್ಟಿದ್ದ.

ಅಂದಿನಿಂದ ಮೇಷ್ಟ್ರಿಗೆ ಒಂದೇ ಆಸೆ. ಇದು ಹೊಸ ಜಾತಿಯ ಹುಳ ಹೌದೋ ಅಲ್ಲವೋ ಎಂದು ಬಲ್ಲವರ ಬಾಯಿಂದ ಕೇಳಬೇಕು. ಬಲ್ಲವರು ಎಂದರೆ ಅವರ ಪ್ರಕಾರ ಭೂಮಿಯ ಮೇಲೆ ಒಬ್ಬರೇ. ಹಾಲೆಂಡಿನ ಒಂದು ಮಣ್ಣಿನ ಸಂಶೋಧನಾ ಸಂಸ್ಥೆಯಲ್ಲಿರುವ ಯೋಹಾನ ಎಂಬ ಹೆಂಗಸು. ಆಕೆ ಈ ಬೇಸಿಗೆ ಮುಗಿಯುವುದರೊಳಗೆ ನಿವೃತ್ತಿಯಾಗಿ ಪ್ರಯೋಗಶಾಲೆಗೆ ಬೀಗ ಹಾಕುವವರಿದ್ದರು. ಅದೇ ಸಂಸ್ಥೆಯವರು ಹಗಲು ಉಪನ್ಯಾಸ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ ಎಂದು ಒಂದು ವಾರ ನಡೆಸುತ್ತಾರೆ ಎಂದು ತಿಳಿದು, ಮೇಷ್ಟ್ರು ಬೆನ್ನು ಬಿದ್ದು ಹದಿನೈದು ನಿಮಿಷದ ಒಂದು ಉಪನ್ಯಾಸ ಗಿಟ್ಟಿಸಿದರು. ಎಪ್ಪತ್ತು ದಾಟಿದ ಗಂಡನನ್ನು ಒಬ್ಬರನ್ನೇ ಕಳಿಸಲು ಅವರ ಹೆಂಡತಿ ಜಯಮ್ಮನವರು ಒಪ್ಪಲಿಲ್ಲ. ಹಾಗಾಗಿ ಕೊಳವೆಯ ಜೊತೆಗೆ ನಾನೂ ಹೊರಟೆ.

"ಮಂಜಾ, ನಿಮ್ಮ ಮೇಷ್ಟ್ರು ಮೈಕ್ ಸಿಕ್ರೆ ಬಿಡೋ ಪೈಕಿ ಅಲ್ಲ, ನಿಂಗೊತ್ತಲ್ಲ" ಎಂದರು ಜಯಮ್ಮನವರು. "ಪರದೇಶದಲ್ಲಿ ಮರ್ಯಾದೆ ಕಳ್ಕೊಳ್ದಂಗೆ ನೋಡ್ಕೋ. ಹುಳಾ ಬಿಟ್ಟು ಬಂದ್ರೂ ಪರ್ವಾಗಿಲ್ಲ, ಅವರನ್ನ ಬಿಟ್ಟು ಬರ್ಬೇಡ."

ಕಸ್ಟಮ್ಸ್ ಕಟ್ಟೆ

ಹುಳ ದೇಶ ಬಿಡಬೇಕಾದರೆ ಸರ್ಕಾರದ ಅನುಮತಿ ಬೇಕು. ಸತ್ತ ಹುಳಕ್ಕೂ ಬೇಕು. ಮೇಷ್ಟ್ರು ಕಚೇರಿಯಿಂದ ಕಚೇರಿಗೆ ಅಲೆದು ತಂದಿದ್ದ ಕಾಗದದ ಕಟ್ಟು ನಮ್ಮಿಬ್ಬರ ಪಾಸ್‌ಪೋರ್ಟಿಗಿಂತ ದಪ್ಪಗಿತ್ತು. ಆಮ್‌ಸ್ಟರ್‌ಡ್ಯಾಮಿನ ಕಸ್ಟಮ್ಸ್ ಅಧಿಕಾರಿ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, ಕಾಗದ ತಿರುವಿ, ಕಣ್ಣು ಮಿಟುಕಿಸುವಷ್ಟರಲ್ಲಿ ಹುಳಕ್ಕೆ ಪ್ರವೇಶ ಕೊಟ್ಟುಬಿಟ್ಟ. ಸಿಕ್ಕಿಬಿದ್ದದ್ದು ಜಯಮ್ಮನವರ ರಾಗಿಹಿಟ್ಟು. ಅದನ್ನು ಮೂಸಿ ನೋಡಿದ, ಬೆರಳಲ್ಲಿ ಉಜ್ಜಿದ, ಇನ್ನೊಬ್ಬನನ್ನು ಕರೆದ. ಮೇಷ್ಟ್ರು ಮುದ್ದೆಯ ಬಗ್ಗೆ ವಿವರಿಸಿದರು. ಗಾಳಿಯಲ್ಲಿ ಕೋಲು ತಿರುವಿ, ಉಂಡೆ ಕಟ್ಟಿ, ಮುರಿದು, ಸಾರಿಗೆ ಅದ್ದಿ, ಗುಳುಂ ಎಂದು ನುಂಗಿ ತೋರಿಸಿದರು.

"ಅಗಿಯುವುದಿಲ್ಲವೇ?" ಎಂದು ಆತ ಕೇಳಿದ.

"ಛೆ ಛೆ, ಅಗಿಯಲೇಬಾರದು" ಎಂದರು ಮೇಷ್ಟ್ರು.

ಆತ ನಮ್ಮನ್ನು ಕನಿಕರದಿಂದ ನೋಡಿ ಹಿಟ್ಟನ್ನೂ ಬಿಟ್ಟುಕೊಟ್ಟ.

ಹಲಗೆಯ ಮುಂದೆ

ಸಂಸ್ಥೆ ಇರುವ ಊರು ಪೂರ್ವ ದಿಕ್ಕಿನ ಒಂದು ಪುಟ್ಟ ಊರು. ಅದರ ಹೆಸರು ಹೇಳಬೇಕಾದರೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದವರ ಹಾಗೆ ಎರಡು ಸಲ ಕ್ಯಾಕರಿಸಬೇಕು. ನಾನು ಬಸ್ ಚಾಲಕನಿಗೆ ಹೇಳಲು ಹೋದಾಗ ಅವನು ನನಗೆ ಗಂಟಲಿನ ಮಾತ್ರೆ ಕೊಟ್ಟ. ಮನೆಗಳ ಕಿಟಕಿಗೆ ಪರದೆಯೇ ಇಲ್ಲ. ರಸ್ತೆಯಲ್ಲಿ ನಡೆಯುತ್ತಾ ಹೋದರೆ ಯಾರ ಮನೆಯಲ್ಲಿ ಏನು ಊಟ, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಲ್ಲ ಕಾಣುತ್ತದೆ. ನಮ್ಮಲ್ಲಿ ಗೋಡೆಗೆ ಬಣ್ಣ ಬಳಿಯುವ ಮೊದಲೇ ದೃಷ್ಟಿಗೊಂಬೆ ಕಟ್ಟುತ್ತೇವೆ. ಇವರಿಗೆ ಕಣ್ಣು ಬೀಳುವ ಭಯವೇ ಇಲ್ಲವಲ್ಲ ಎಂದು ಮೇಷ್ಟ್ರು ಪ್ರತಿ ಕಿಟಕಿಯಲ್ಲೂ ಇಣುಕಿ ಆಶ್ಚರ್ಯಪಟ್ಟರು. ನಾನು ಅವರ ಕೋಟು ಎಳೆದುಕೊಂಡು ಮುಂದೆ ನಡೆದೆ. ಟುಲಿಪ್ ಎಲ್ಲೂ ಇರಲಿಲ್ಲ. ಹೂವಿನ ಕಾಲ ಮುಗಿದಿತ್ತಂತೆ.

ಬೆಳಗ್ಗೆ ತಿಂಡಿಗೆ ಬ್ರೆಡ್ಡು, ಅದರ ಮೇಲೆ ಸಾಸಿವೆ ಉದುರಿಸಿದ ಹಾಗೆ ಚಾಕೊಲೇಟಿನ ಚೂರು. ಮಧ್ಯಾಹ್ನ ಊಟಕ್ಕೂ ಬ್ರೆಡ್ಡೇ, ತಣ್ಣಗಿನದು. ಆದರೆ ಕುಡಿಯಲು ಮಜ್ಜಿಗೆ! ಕೋಟು ಹಾಕಿದ ವಿಜ್ಞಾನಿಗಳೆಲ್ಲ ದೊಡ್ಡ ಲೋಟದಲ್ಲಿ ಮಜ್ಜಿಗೆ ಹಿಡಿದುಕೊಂಡು ನಿಂತಿದ್ದನ್ನು ಕಂಡು ಮೇಷ್ಟ್ರಿಗೆ ನೆಂಟರ ಮನೆಗೆ ಬಂದಷ್ಟು ಖುಷಿಯಾಯಿತು. ಉಪ್ಪಿಲ್ಲ, ಇಂಗಿಲ್ಲ ಎನ್ನುವುದೊಂದೇ ಕೊರತೆ. ಅದನ್ನು ಅವರು ಕಿಸೆಯಲ್ಲಿದ್ದ ಚಟ್ನಿಪುಡಿಯಿಂದ ನಿವಾರಿಸಿಕೊಂಡರು. ಕಾಫಿಯ ಹೊತ್ತಿಗೆ ಬಿಸ್ಕತ್ತಿನ ಡಬ್ಬಿ ಬರುತ್ತದೆ. ಒಂದು ತೆಗೆದುಕೊಳ್ಳಬೇಕು, ಆಮೇಲೆ ಮುಚ್ಚಳ ಬೀಳುತ್ತದೆ. ಎರಡನೆಯದಕ್ಕೆ ಕೈ ಹಾಕಿದ ನನ್ನ ಬೆರಳು ಮುಚ್ಚಳದಡಿ ಸಿಕ್ಕಿಕೊಂಡದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಸಂಸ್ಥೆಯ ಬಾಗಿಲಲ್ಲೇ ಆ ವಾರದ ಕಾರ್ಯಕ್ರಮಗಳ ಹಲಗೆ ನಿಲ್ಲಿಸಿದ್ದರು. ಸೋಮವಾರ ಬೂಷ್ಟಿನ ಬಗ್ಗೆ ಉಪನ್ಯಾಸ, ಸಂಜೆ ಅಕಾರ್ಡಿಯನ್ ವಾದನ. ಮಂಗಳವಾರ ಜೌಗು ನೆಲ, ಸಂಜೆ ಮರದ ಚಪ್ಪಲಿ ಮೆಟ್ಟಿಕೊಂಡು ಕುಣಿತ. ಹೀಗೆ ಹೋಗುತ್ತಾ ಗುರುವಾರ ಬೆಳಗ್ಗೆ ನಮ್ಮ ಮೇಷ್ಟ್ರ ಹೆಸರು, ಅದೇ ಸಂಜೆ 'ಅತಿಥಿಗಳ ಸಂಜೆ'. ಹಲಗೆಯ ಹಿಂದೆಯೂ ಹೋಗಿ ನೋಡಿ ಬಂದ ಮೇಷ್ಟ್ರ ಮುಖ ಸಪ್ಪಗಾಗಿತ್ತು.

"ಒಂದು ಫ್ಲೆಕ್ಸ್ ಇಲ್ವಲ್ಲೋ ಮಂಜ. ಸಸಿ ನೆಡೋ ಕಾರ್ಯಕ್ರಮಕ್ಕೇ ನಮ್ಮಲ್ಲಿ ಇಪ್ಪತ್ತು ಮುಖ ಹಾಕ್ತಾರೆ."

ಕಾರ್ಯಕ್ರಮಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಮರೈಕ ಎಂಬ ಉದ್ದನೆಯ ಹುಡುಗಿ. ಅತಿಥಿಗಳ ಸಂಜೆಗೆ ಪ್ರತಿ ದೇಶದವರೂ ಏನಾದರೂ ಮಾಡಲೇಬೇಕು ಎಂದಳು. ನಾನು ದಾಕ್ಷಿಣ್ಯಕ್ಕೆ 'ಹಾಡು' ಎಂದು ಹೆಸರು ಬರೆಸಿದೆ. ನನ್ನ ಹಾಡು ಕೇಳಿದರೆ ನನ್ನ ಮನೆಯವರೇ ಬಾಗಿಲು ಹಾಕಿಕೊಳ್ಳುತ್ತಾರೆ.

ಯೋಹಾನ ಸಿಕ್ಕಿದ್ದು ಬಿಸ್ಕತ್ತಿನ ಡಬ್ಬಿಯ ಹತ್ತಿರ. ಬಿಳಿ ಕೂದಲು, ಗಂಡಸರ ಬೂಟು, ಬೆರಳ ಸಂದಿಯಲ್ಲಿ ಮಣ್ಣು. ಮೇಷ್ಟ್ರು ಎರಡೂ ಕೈ ಜೋಡಿಸಿ ಕೊಳವೆ ಮುಂದೆ ಹಿಡಿದರು. ಆಕೆ ಅದನ್ನು ಮುಟ್ಟಲಿಲ್ಲ.

"ನೋಡದೆ ಉಳಿದ ಹುಳುಗಳೇ ನನ್ನ ಕಪಾಟಿನ ತುಂಬ ಇವೆ" ಎಂದರು. "ನನಗೆ ಉಳಿದಿರುವುದು ಈ ಒಂದು ವಾರ. ಉಳಿದದ್ದನ್ನೆಲ್ಲ ಬಿಟ್ಟು ನಿಮ್ಮದನ್ನೇ ಯಾಕೆ ನೋಡಬೇಕು ಎಂದು ಗುರುವಾರ ಉಪನ್ಯಾಸದಲ್ಲಿ ಹೇಳಿ. ಸರಿ ಅನ್ನಿಸಿದರೆ ನೋಡುತ್ತೇನೆ."

ನಮ್ಮಲ್ಲಿ ಹೀಗೆ ಮುಖಕ್ಕೆ ಹೊಡೆದ ಹಾಗೆ ಯಾರೂ ಹೇಳುವುದಿಲ್ಲ. 'ನೋಡೋಣ, ಬಿಟ್ಟು ಹೋಗಿ' ಎಂದು ಕಳಿಸಿ, ಸುಖವಾಗಿ ಮರೆತುಬಿಡುತ್ತಾರೆ. ಮೇಷ್ಟ್ರಿಗೆ ಮಾತ್ರ ಈ ಮಾತು ಹಿಡಿಸಿತು. "ಆಯಮ್ಮ ಒರಟು, ಆದರೆ ಮೋಸ ಇಲ್ಲ ಕಣೋ" ಎಂದರು.

ಮೂರು ದೀಪದ ಸಭಾಂಗಣ

ನಮ್ಮ ಕಡೆ ಉಪನ್ಯಾಸ ಅಂದರೆ ಏನು ಎಂದು ಓದುಗರಿಗೆ ನಾನು ಹೇಳಬೇಕಾಗಿಲ್ಲ. ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿದು ಉಪನ್ಯಾಸಕರ ಕೈಗೆ ಮೈಕ್ ಬರುವಷ್ಟರಲ್ಲಿ ಹಿಂದಿನ ಸಾಲಿನವರ ಮೂಗಿಗೆ ಕೇಸರಿಬಾತಿನ ವಾಸನೆ ಬಡಿದಿರುತ್ತದೆ. ಸಂಘಟಕರು ಚೀಟಿ ಕಳಿಸುತ್ತಾರೆ. ಉಪನ್ಯಾಸಕರು ಚೀಟಿ ಓದಿ, ಮಡಚಿ ಕಿಸೆಗೆ ಹಾಕಿಕೊಂಡು, 'ಒಂದೇ ಒಂದು ಮಾತು ಹೇಳಿ ಮುಗಿಸುತ್ತೇನೆ' ಎನ್ನುತ್ತಾರೆ. ನಿಜವಾದ ಭಾಷಣ ಶುರುವಾಗುವುದೇ ಆಮೇಲೆ. ಚೀಟಿ ಬಂತು ಅಂದರೆ ಇನ್ನೂ ಅರ್ಧ ಗಂಟೆ ಇದೆ ಎಂದು ಹುಟ್ಟಿದ ಮಗುವಿಗೂ ಗೊತ್ತು.

ಇಲ್ಲಿ ಚೀಟಿ ಇಲ್ಲ. ಮೇಜಿನ ಮೇಲೆ ಮೂರು ದೀಪ. ಹಸಿರು ಇರುವಾಗ ಮಾತಾಡಬೇಕು, ಹಳದಿ ಬಂದರೆ ಮುಗಿಸಬೇಕು, ಕೆಂಪು ಬಂದರೆ ಮೈಕ್ ತಾನಾಗಿಯೇ ಸಾಯುತ್ತದೆ. ಸೋಮವಾರ ಬೂಷ್ಟಿನ ದೊಡ್ಡ ವಿದ್ವಾಂಸರೊಬ್ಬರು ವಾಕ್ಯದ ನಡುವೆಯೇ ಹೀಗೆ ಮೂಕರಾದರು. ಬಾಯಿ ಆಡುತ್ತಿದೆ, ಸದ್ದಿಲ್ಲ. ಸಭೆ ಚಪ್ಪಾಳೆ ತಟ್ಟಿತು, ಅವರು ನಗುತ್ತಾ ಇಳಿದು ಹೋದರು. ಮೇಷ್ಟ್ರು ನನ್ನ ಮೊಣಕೈ ಹಿಡಿದುಕೊಂಡು, "ಅಯ್ಯೋ ಪಾಪ, ಇದೇನೋ ಅನ್ಯಾಯ! ದೊಡ್ಡ ಮನುಷ್ಯರಿಗೆ ಹಿಂಗಾ ಮಾಡೋದು?" ಎಂದರು.

ಆ ದಿನವೇ ನಾನು ರೂಮಿನಲ್ಲಿ ತಾಲೀಮು ಶುರು ಮಾಡಿದೆ. ಫೋನಿನಲ್ಲಿ ಹದಿನೈದು ನಿಮಿಷ ಇಟ್ಟು ಮಾತಾಡಿ ಅಂದೆ. ಅಲಾರಂ ಬಡಿದಾಗ ಮೇಷ್ಟ್ರು ಇನ್ನೂ ತಮ್ಮ ಗುರುಗಳನ್ನು ನೆನೆಯುತ್ತಿದ್ದರು. ಬೇಡಿಕೊಂಡೆ, ರೇಗಿದೆ. "ಮೇಷ್ಟ್ರೇ, ನಮಸ್ಕಾರ ಅಂತ ಒಂದು ಸಲ ಅನ್ನಿ. ಆಮೇಲೆ ಸೀದಾ ಹುಳ." ಬುಧವಾರದ ಹೊತ್ತಿಗೆ ಉಪನ್ಯಾಸ ಅಚ್ಚುಕಟ್ಟಾಗಿ ಹದಿನೈದು ನಿಮಿಷದೊಳಗೆ ಬಂತು. ನಾನು ಖುಷಿಯಿಂದ ಜಯಮ್ಮನವರಿಗೆ ಫೋನ್ ಮಾಡಿ, ಏನೂ ಯೋಚನೆ ಮಾಡಬೇಡಿ ಅಂದೆ.

ಗುರುವಾರ ಬೆಳಗ್ಗೆ ಸಭೆ ನಡೆಸುತ್ತಿದ್ದಾತ, "ಬೆಂಗಳೂರಿನಿಂದ ಹನುಮಂತೇಗೌಡ, ಎರೆಹುಳು" ಎಂದು ಹೇಳಿ ಕುಳಿತುಬಿಟ್ಟ. ಶವಾಗಾರದಲ್ಲಿ ಹೆಣ ಒಪ್ಪಿಸುವಾಗಲೂ ನಮ್ಮವರು ಇದಕ್ಕಿಂತ ಎರಡು ಮಾತು ಹೆಚ್ಚು ಆಡುತ್ತಾರೆ. ಮೇಷ್ಟ್ರು ವೇದಿಕೆಗೆ ಹೋದರು. ಸಭೆಯನ್ನು ನೋಡಿದರು. ಮೂರನೇ ಸಾಲಿನಲ್ಲಿ ಯೋಹಾನ ಕೈಕಟ್ಟಿ ಕೂತಿದ್ದರು. ಹಸಿರು ದೀಪ ಹೊತ್ತಿತು.

"ನಮಸ್ಕಾರ" ಎಂದರು ಮೇಷ್ಟ್ರು. ಸರಿ. ಸೀದಾ ಹುಳ, ಸೀದಾ ಹುಳ ಎಂದು ನಾನು ಮನಸ್ಸಿನಲ್ಲೇ ಜಪಿಸಿದೆ. ಅವರು ಮುಂದುವರಿಸಿದರು. ಸಂಸ್ಥೆಯ ಮಾನ್ಯ ನಿರ್ದೇಶಕರಿಗೆ ನಮಸ್ಕಾರ. ನಿರ್ದೇಶಕರು ಆ ದಿನ ಊರಲ್ಲೇ ಇರಲಿಲ್ಲ. ಸಭೆಯ ಅಧ್ಯಕ್ಷರಿಗೆ, ಎರೆಹುಳು ಲೋಕದ ಮಾತೃಶ್ರೀ ಯೋಹಾನ ಅವರಿಗೆ, ಸಹೋದರಿ ಮರೈಕಳಿಗೆ, ರುಚಿಯಾದ ಮಜ್ಜಿಗೆ ಕೊಟ್ಟ ಅಡುಗೆಮನೆಯ ತಾಯಂದಿರಿಗೆ. ಆಮೇಲೆ ಗುರುಗಳು ಬಂದರು. ಗುರುಗಳ ಗುರುಗಳು ಬಂದರು. ಆಮೇಲೆ ಕೆಂಗೇರಿ ಎಲ್ಲಿದೆ, ಮೈಸೂರು ರಸ್ತೆ ಹೇಗೆ ಹೋಗುತ್ತದೆ, ಮೆಟ್ರೋ ಬರುವ ಮುಂಚೆ ಹೇಗಿತ್ತು, ವೃಷಭಾವತಿಯಲ್ಲಿ ತಾವು ಈಜುತ್ತಿದ್ದ ಕಾಲದಲ್ಲಿ ನೀರು ಯಾವ ಬಣ್ಣ ಇತ್ತು ಎಂದೆಲ್ಲ ಬಂತು. ಹಳದಿ ದೀಪ ಹೊತ್ತಿತು. ಮೇಷ್ಟ್ರು ಅದನ್ನು ನೋಡಿ ಹಸನ್ಮುಖರಾಗಿ ತಲೆಯಾಡಿಸಿದರು. ಚೀಟಿ ಬಂತು, ಇನ್ನು ಅರ್ಧ ಗಂಟೆ ಇದೆ ಎಂದು ಅವರಿಗೆ ಅನ್ನಿಸಿದ್ದು ನನಗೆ ಕೂತಲ್ಲಿಂದಲೇ ಕಂಡಿತು.

"ಒಂದೇ ಒಂದು ಮಾತು" ಎಂದರು ಮೇಷ್ಟ್ರು. "ಈಗ ವಿಷಯಕ್ಕೆ ಬರೋಣ."

ಮೈಕ್ ಸತ್ತಿತು.

ಪರದೆಯ ಮೇಲೆ ಇನ್ನೂ ಮೊದಲನೇ ಚಿತ್ರವೇ ಇತ್ತು, ಅದರಲ್ಲಿ ಶೀರ್ಷಿಕೆ ಬಿಟ್ಟರೆ ಏನೂ ಇಲ್ಲ. ಸಭೆ ಚಪ್ಪಾಳೆ ತಟ್ಟಿತು. ಮೇಷ್ಟ್ರು ಮೈಕನ್ನು ಬೆರಳಲ್ಲಿ ತಟ್ಟಿದರು, ಊದಿದರು, ಗಂಟಲೆತ್ತಿ ಏನೋ ಹೇಳಲು ನೋಡಿದರು. ಅಷ್ಟರಲ್ಲಿ ಮುಂದಿನ ಉಪನ್ಯಾಸಕ ಬಂದು ಪಕ್ಕದಲ್ಲಿ ನಿಂತಿದ್ದ. ನಾನೇ ಹೋಗಿ ಕೈ ಹಿಡಿದು ಇಳಿಸಿಕೊಂಡು ಬಂದೆ.

ಕಾಫಿಯ ಹೊತ್ತಿಗೆ ಯೋಹಾನ ನಮ್ಮ ಮುಂದೆ ಬಂದು ನಿಂತರು. "ನಿಮ್ಮ ಊರಿನ ಬಗ್ಗೆ ಚೆನ್ನಾಗಿ ತಿಳಿಯಿತು. ಹುಳದ ಬಗ್ಗೆ ಏನೂ ತಿಳಿಯಲಿಲ್ಲ" ಎಂದು ಹೇಳಿ, ಬಿಸ್ಕತ್ತು ತೆಗೆದುಕೊಂಡು ಹೊರಟುಹೋದರು.

ಕಾಲುವೆಯ ಬೆಂಚು

ಸಂಸ್ಥೆಯ ಹಿಂದೆ ಒಂದು ಕಾಲುವೆ. ಅದರ ದಂಡೆಯ ಬೆಂಚಿನ ಮೇಲೆ ಮೇಷ್ಟ್ರು ಹೋಗಿ ಕೂತರು. ನಾನು ನಿಂತುಕೊಂಡೇ ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಇಷ್ಟು ದೂರ ಬಂದು ಮಜ್ಜಿಗೆ ಕೊಟ್ಟವರಿಗೆ ನಮಸ್ಕಾರ ಹೇಳಿದರಲ್ಲ, ಹುಳ ಏನು ಪಾಪ ಮಾಡಿತ್ತು ಎಂದೆ. ತಾಲೀಮು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂದೆ.

"ಬೈಯೋ, ಬೈಯಿ. ತಪ್ಪೇನಿಲ್ಲ" ಎಂದರು ಮೇಷ್ಟ್ರು. "ಎಲ್ಲ ನೆನಪಿತ್ತು ಕಣೋ. ಆದ್ರೆ ಅಷ್ಟು ಜನ ಎದುರಿಗೆ ಕೂತವ್ರೆ, ಅವ್ರಿಗೊಂದು ಮರ್ಯಾದೆ ಹೇಳ್ದೆ ಹುಳದ ಹೊಟ್ಟೆ ಬಗ್ಗೆ ಮಾತಾಡೋಕೆ ಬಾಯೇ ಬರ್ಲಿಲ್ಲ."

ಕಿಸೆಯಿಂದ ಕೊಳವೆ ತೆಗೆದು ನೋಡಿದರು. "ಆಯಮ್ಮ ಬೀಗ ಹಾಕಿದ್ಮೇಲೆ ಇದನ್ನ ಇನ್ಯಾರಿಗೆ ತೋರಿಸ್ಲಿ ಮಂಜ? ನಾನು ಸತ್ತ ಮಾರನೇ ದಿನ ಜಯಮ್ಮ ಇದನ್ನ ಸಿಂಕಿಗೆ ಸುರೀತಾಳೆ. ಅವಳದ್ದೂ ತಪ್ಪಲ್ಲ."

ಬೈದದ್ದು ಅತಿಯಾಯಿತು ಅನ್ನಿಸಿತು. ಪಕ್ಕದಲ್ಲಿ ಕೂತೆ. ಕಾಲುವೆಯಲ್ಲಿ ಬಾತುಕೋಳಿಗಳು ನಮ್ಮ ಕಡೆ ಬಂದು, ತಿನ್ನಲು ಏನೂ ಇಲ್ಲ ಎಂದು ತಿಳಿದು ತಿರುಗಿ ಹೋದವು. ಮೇಷ್ಟ್ರು ಇದ್ದಕ್ಕಿದ್ದ ಹಾಗೆ ಕೇಳಿದರು:

"ಸಾಯಂಕಾಲ ನೀನು ಹಾಡ್ತೀನಿ ಅಂತ ಬರೆಸಿದೀಯಲ್ಲ, ಅಲ್ಲೂ ಆ ದರಿದ್ರ ದೀಪ ಹಾಕ್ತಾರೇನೋ?"

ಓಡಿಹೋಗಿ ಮರೈಕಳನ್ನು ಕೇಳಿದೆ. ಆಕೆಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಯಾಕೆ ದೀಪ? ಎಷ್ಟು ಹೊತ್ತಾದರೂ ಹಾಡಲಿ" ಎಂದಳು.

"ಹಂಗಾದ್ರೆ ನೀನು ಹಾಡೋದು ಬೇಡ" ಎಂದರು ಮೇಷ್ಟ್ರು. "ನಾನು ಕಥೆ ಮಾಡ್ತೀನಿ."

ಅತಿಥಿಗಳ ಸಂಜೆ

ಮೇಷ್ಟ್ರು ಹುಡುಗರಾಗಿದ್ದಾಗ ಕೆಂಗೇರಿಯಲ್ಲಿ ರಾಮನವಮಿ ಪೆಂಡಾಲಿನ ಹರಿಕಥೆ ಒಂದನ್ನೂ ಬಿಟ್ಟವರಲ್ಲ. ತರಗತಿಯಲ್ಲಿ ಕಪ್ಪೆಯ ಹೃದಯವನ್ನು ಅವರು ಹೇಳಿಕೊಟ್ಟದ್ದೂ ಹರಿಕಥೆಯ ಧಾಟಿಯಲ್ಲೇ. ನನಗೆ ಅದು ಇವತ್ತಿಗೂ ಬಾಯಿಪಾಠ. ಆದರೆ ಹಾಲೆಂಡಿನವರ ಮುಂದೆ ಹರಿಕಥೆಯೇ? ಹಿಮ್ಮೇಳಕ್ಕೆ ಯಾರು? ಅಡುಗೆಮನೆಯಿಂದ ಎರಡು ಮರದ ಸೌಟು ತಂದೆ, ಅವು ಮೇಷ್ಟ್ರಿಗೆ ಚಿಟಿಕೆ. ನನಗೆ ತಾಳ ಹಾಕಲು ಮರೈಕ ತನ್ನ ಸೈಕಲ್ಲಿನ ಗಂಟೆ ಬಿಚ್ಚಿಕೊಟ್ಟಳು. ಪಂಚೆ, ಶಾಲು ಮೇಷ್ಟ್ರ ಪೆಟ್ಟಿಗೆಯಲ್ಲೇ ಇದ್ದವು. ಬೆಳಗ್ಗೆ ಹಾಕಿದ್ದ ಕೋಟಿನಲ್ಲಿ ಯಾರೋ ಬಾಡಿಗೆಗೆ ತಂದ ಸಾಕ್ಷಿಯಂತೆ ಕಾಣುತ್ತಿದ್ದವರು ಪಂಚೆ ಉಟ್ಟ ಕೂಡಲೇ ನಮ್ಮ ಮೇಷ್ಟ್ರಾದರು.

ನಮಗಿಂತ ಮೊದಲು ಪೋಲೆಂಡಿನವರು ಹಾಡಿದರು, ಕೀನ್ಯಾದವರು ಕುಣಿದರು. ಯೋಹಾನ ಗೋಡೆಗೆ ಒರಗಿ, ಯಾವಾಗ ಮುಗಿಯುತ್ತದೋ ಎಂಬಂತೆ ನಿಂತಿದ್ದರು. ಮೇಷ್ಟ್ರು ಎದ್ದು ನಿಂತು ಸೌಟು ಬಡಿದರು. ನಾನು ಗಂಟೆ ಹೊಡೆದೆ. ಮಾತು ಅವರಿಗೆ ಬರುವ ಇಂಗ್ಲಿಷಿನಲ್ಲಿ, ಹಾಡು ಕನ್ನಡದಲ್ಲಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಕೊಡುತ್ತೇನೆ.

"ಪಾದವೇ ಇಲ್ಲದ ಮಹಾನುಭಾವನ ಪಾದಾರವಿಂದಕ್ಕೆ ಒಂದು ಸಲ ಗೋವಿಂದಾ ಅನ್ನಿ" ಎಂದರು. ಮೊದಲ ಸಲ ಯಾರಿಗೂ ಅರ್ಥವಾಗಲಿಲ್ಲ. ನಾನೊಬ್ಬನೇ ಅರಚಿದೆ. ಎರಡನೇ ಸಲ ಮರೈಕ ಸೇರಿದಳು. ಮೂರನೇ ಸಲಕ್ಕೆ ಹಾಲೆಂಡಿನವರು ಗಂಟಲಿನ ಆಳದಿಂದ ಎತ್ತಿದ ಗೋವಿಂದ ನಾದಕ್ಕೆ ಕಿಟಕಿಯ ಗಾಜು ನಡುಗಿತು. ಆ ಗಂಟಲು ಇಂಥ ಕೆಲಸಕ್ಕೇ ಹುಟ್ಟಿದ್ದು ಅನ್ನಿಸಿತು.

"ಭೂಮಿಯನ್ನು ತಲೆಯ ಮೇಲೆ ಹೊತ್ತವನು ಯಾರು? ಆದಿಶೇಷ! ಅವನಿಗೆ ಪೂಜೆ, ಅವನಿಗೆ ಹಾಲು. ಹೊತ್ತ ಭೂಮಿಯನ್ನು ಉತ್ತು ಹಸನು ಮಾಡುವವನು ಯಾರು? ಅವನ ಬಡ ನೆಂಟ, ನಮ್ಮ ಎರೆಹುಳುವಪ್ಪ! ಕಣ್ಣಿಲ್ಲ, ಆದರೂ ದಾರಿ ತಪ್ಪುವುದಿಲ್ಲ. ಹಲ್ಲಿಲ್ಲ, ಆದರೂ ಊರಿಗೆಲ್ಲ ಅನ್ನ. ಗಂಡೂ ಅವನೇ ಹೆಣ್ಣೂ ಅವನೇ, ಸಾಕ್ಷಾತ್ ಅರ್ಧನಾರೀಶ್ವರ. ಹೀಗಾಗಿ ಮನೆಯಲ್ಲಿ ಜಗಳವೇ ಇಲ್ಲ!"

ಗಂಟೆ ಹೊಡೆದೆ. ಸಭೆ ನಕ್ಕಿತು. ಮೇಷ್ಟ್ರು ನಗಲು ಬಿಟ್ಟು, ದನಿ ಇಳಿಸಿದರು. ಕೆಂಗೇರಿಯ ಗುಂಡಿಯಲ್ಲಿ ಸಿಕ್ಕವನ ಕಥೆ ಶುರುವಾಯಿತು.

"ಬಲಿತ ಹುಳುವಿಗೆ ಮೈಸುತ್ತ ಒಂದು ದಪ್ಪ ಪಟ್ಟಿ ಇರುತ್ತದೆ. ನಮ್ಮ ಹೆಣ್ಣುಮಕ್ಕಳು ಸೊಂಟಕ್ಕೆ ಡಾಬು ಕಟ್ಟಿದ ಹಾಗೆ. ಆದರೆ ನಮ್ಮೂರ ಹುಳುಗಳೋ, ಬುದ್ಧಿಯಿಲ್ಲದೆ ಡಾಬನ್ನು ಎದೆಗೆ ಕಟ್ಟಿಕೊಂಡವು. ಒಬ್ಬನೇ ಒಬ್ಬ, ಈ ಕೆಂಗೇರಿಯವನು ಮಾತ್ರ, ಕೆಳಕ್ಕಿಳಿಸಿ ಸೊಂಟಕ್ಕೆ ಕಟ್ಟಿದ!"

ಗೋಡೆಗೆ ಒರಗಿದ್ದ ಯೋಹಾನ ನೆಟ್ಟಗೆ ನಿಂತರು. ಕಥೆಯ ನಡುವೆಯೇ ಕೂಗಿ ಕೇಳಿದರು: "ಎಷ್ಟನೇ ಉಂಗುರದಿಂದ ಶುರು?"

ಎರೆಹುಳುವಿನ ಮೈ ಉಂಗುರ ಉಂಗುರ. ತಲೆಯಿಂದ ಎಣಿಸಿಕೊಂಡು ಹೋದರೆ ಪಟ್ಟಿ ಹದಿನಾಲ್ಕರಿಂದ ಹದಿನಾರರವರೆಗೆ ಎಂದು ನಾನು ವರ್ಷಾ ವರ್ಷಾ ಪಿಯುಸಿ ಮಕ್ಕಳಿಗೆ ಉರು ಹೊಡೆಸುತ್ತೇನೆ. ಮರೈಕ ಬೆಳಗ್ಗೆ ತೋರಿಸದೆ ಉಳಿದಿದ್ದ ಹುಳದ ಚಿತ್ರವನ್ನು ಪರದೆಗೆ ಹಾಕಿದಳು. ಮೇಷ್ಟ್ರು ಸೌಟಿನಿಂದ ಚಿತ್ರದ ಮೊದಲ ಉಂಗುರ ಮುಟ್ಟಿ, "ಒಂದೂ..." ಎಂದು ರಾಗ ಎಳೆದರು. ಸಭೆ "ಒಂದೂ" ಎಂದಿತು. ಎರಡು, ಮೂರು ಎಂದು ಪೋಲೆಂಡು, ಕೀನ್ಯಾ, ಹಾಲೆಂಡು ಎಲ್ಲ ಒಟ್ಟಿಗೆ ಕನ್ನಡದ ಎಣಿಕೆ ಶುರು ಮಾಡಿದವು. ಯೋಹಾನ ಹೆಜ್ಜೆ ಹೆಜ್ಜೆಗೆ ಮುಂದೆ ಬರುತ್ತಿದ್ದರು. ಹದಿನಾಲ್ಕು ಬಂತು, ಪಟ್ಟಿ ಇಲ್ಲ. ಹದಿನಾರು ಬಂತು, ಇಲ್ಲ. ಮೇಷ್ಟ್ರು ಅಲ್ಲಿ ನಿಂತು, ಸೌಟನ್ನು ಮೇಲೆತ್ತಿ, ಸಭೆಯನ್ನು ಒಂದು ಗಳಿಗೆ ಕಾಯಿಸಿ, ಮತ್ತೆ ಮುಂದಕ್ಕೆ ಇಟ್ಟರು. ಪಟ್ಟಿ ಸಿಕ್ಕಿದಾಗ ಯಾರೂ ಹೇಳಿಕೊಡದೆ ಇಡೀ ಸಭೆ ಗೋವಿಂದಾ ಎಂದಿತು. ಯೋಹಾನ ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದರು.

"ಕೊಳವೆ ಎಲ್ಲಿ?" ಎಂದು ಕೈ ಚಾಚಿದರು.

ಮೇಲಿನ ಕೋಣೆ

ಮಾರನೇ ಬೆಳಗ್ಗೆ ಆಕೆಯ ಪ್ರಯೋಗಶಾಲೆಗೆ ಹೋದೆವು. ಅರ್ಧ ಸಾಮಾನು ಡಬ್ಬಗಳಿಗೆ ಸೇರಿತ್ತು. ಹುಳವನ್ನು ಬಿಳಿ ತಟ್ಟೆಯಲ್ಲಿಟ್ಟು ಸೂಕ್ಷ್ಮದರ್ಶಕದಡಿ ಇಟ್ಟುಕೊಂಡ ಯೋಹಾನ ತಲೆಯೆತ್ತಲೇ ಇಲ್ಲ. ಮೇಷ್ಟ್ರು ಸೊಸೆಯ ಹೆರಿಗೆಗೆ ಆಸ್ಪತ್ರೆಯಲ್ಲಿ ಕಾಯುವವರಂತೆ ಶಾಲಿನ ಅಂಚು ತಿರುಚುತ್ತಾ ಕೂತರು.

"ಪಟ್ಟಿ ಕೆಳಗಿರುವ ನಮ್ಮ ಕಡೆಯ ಹುಳ ಯಾವುದೋ ಗಿಡದ ಕುಂಡದಲ್ಲಿ ನಿಮ್ಮೂರಿಗೆ ಬಂದಿರಬಹುದು ಅಂದುಕೊಂಡಿದ್ದೆ. ಅಲ್ಲ" ಎಂದರು ಯೋಹಾನ ಕೊನೆಗೆ. "ನಾನು ಇದನ್ನು ಎಂದೂ ನೋಡಿಲ್ಲ."

ಮೇಷ್ಟ್ರು ಎದ್ದೇಬಿಟ್ಟರು. ಆಕೆ ಕೂತುಕೊಳ್ಳಿ ಎಂದು ಸನ್ನೆ ಮಾಡಿದರು. ನೋಡಿಲ್ಲ ಅಂದ ಮಾತ್ರಕ್ಕೆ ಹೊಸದು ಎಂದಾಗುವುದಿಲ್ಲ, ಒಳಗಿನ ಅಂಗಗಳನ್ನು ನೋಡಬೇಕು, ಅದಕ್ಕೆ ಕೊಯ್ಯಬೇಕು. ಕೊಯ್ದ ಮೇಲೆ ಮೊದಲಿನ ಹಾಗೆ ಜೋಡಿಸಲು ಆಗುವುದಿಲ್ಲ.

"ಇಂಥವು ಇನ್ನೂ ಇವೆಯೇ?" ಎಂದು ಕೇಳಿದರು.

"ಇದ್ರೆ ನನ್ನ ಮನೆ ಕೆಳಗೆ ಇರ್ಬೇಕು. ಮೇಲೆಲ್ಲ ಕಾಂಕ್ರೀಟು."

"ಮನೆ ಕಟ್ಟಿಸಿದ್ದು ಯಾರು?"

"ನಾನೇ."

ಯೋಹಾನ ಕನ್ನಡಕ ತೆಗೆದರು. "ಹಾಗಾದರೆ ಇದು ಕೊನೆಯದೂ ಇರಬಹುದು. ನೀವು ಹೇಳಿದರೆ ಈಗಲೇ ಕೊಯ್ಯುತ್ತೇನೆ. ಹೆಸರು ಸಿಗುತ್ತದೆ, ಹುಳ ಹೋಗುತ್ತದೆ. ಬೇಡ ಅಂದರೆ ಹಾಗೇ ಇಟ್ಟಿರುತ್ತೇನೆ. ಯೋಚಿಸಿ."

ಇಷ್ಟು ವರ್ಷ ಕಾದ ಮನುಷ್ಯ ಕೊಯ್ಯಿರಿ ಅನ್ನುತ್ತಾರೆಂದೇ ನಾನು ತಿಳಿದಿದ್ದೆ. ನನ್ನನ್ನು ಕೇಳಿದರೆ ನಾನೂ ಹಾಗೇ ಅನ್ನುತ್ತಿದ್ದೆ. ಮೇಷ್ಟ್ರು ತಟ್ಟೆಯ ಹತ್ತಿರ ಹೋಗಿ ಬಗ್ಗಿ ನೋಡಿದರು.

"ಬೇಡ" ಎಂದರು. "ಇಲ್ಲದೋನಿಗೆ ಹೆಸರು ಇಟ್ಟು ಏನು ಮಾಡ್ಲಿ? ತಿಥಿ ಮಾಡ್ಬೇಕಷ್ಟೆ. ಇಟ್ಟಿರಿ ತಾಯಿ. ನಾನು ಊರಿಗೆ ಹೋಗಿ ಹುಡುಕಿ ಫೋನ್ ಮಾಡ್ತೀನಿ."

ಅಷ್ಟೂ ಕನ್ನಡದಲ್ಲೇ ಬಂದಿತ್ತು, ನಾನು ಅನುವಾದ ಮಾಡಿದೆ. ಪ್ರಯೋಗಶಾಲೆಗೆ ಬೀಗ ಬಿದ್ದರೂ ಈ ಒಂದು ಕೊಳವೆಯನ್ನು ಮನೆಗೆ ಒಯ್ಯುವುದಾಗಿ ಯೋಹಾನ ಮಾತು ಕೊಟ್ಟರು.

ಮತ್ತೆ ಕೆಂಗೇರಿ

ಊರಿಗೆ ಬಂದ ಮಾರನೇ ದಿನ ಮೇಷ್ಟ್ರು ಹಾರೆ ತೆಗೆದುಕೊಂಡು ಮನೆಯ ಮುಂದಿನ ಪಾರ್ಕಿಂಗ್ ಒಡೆಯಲು ಶುರು ಮಾಡಿದರು. ನೀರಿನ ಸಂಪ್‌ಗೆ ತೀರಾ ಹತ್ತಿರದ ಮಣ್ಣು ಅದೇ. ಜಯಮ್ಮನವರ ಕೂಗು ಮೆಟ್ರೋ ನಿಲ್ದಾಣಕ್ಕೂ ಕೇಳಿಸಿರಬೇಕು. ಆ ಟೈಲ್ಸ್ ಅವರೇ ಅಂಗಡಿ ಅಂಗಡಿ ತಿರುಗಿ ಆರಿಸಿದ್ದು.

"ಮರ್ಯಾದೆ ಉಳಿಸಿ ಕರ್ಕೊಂಡು ಬಾ ಅಂದ್ರೆ ತಲೆ ಕೆಡಿಸಿ ಕರ್ಕೊಂಡು ಬಂದಿದೀಯಲ್ಲೋ!" ಎಂದು ನನ್ನ ಮೇಲೂ ಹಾಯ್ದರು.

ಮಹಡಿಯ ಬಾಡಿಗೆಯ ಹುಡುಗರು ತಮ್ಮ ಬೈಕುಗಳನ್ನು ರಸ್ತೆಗೆ ಇಳಿಸುತ್ತಾ, "ಅಂಕಲ್, ಪೈಪ್ ಲೀಕಾ?" ಎಂದು ಕೇಳಿದರು. ಹುಳ ಹುಡುಕುತ್ತಿದ್ದೇವೆ ಎಂದ ಮೇಲೆ ಅವರು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ನಾನೂ ಮೇಷ್ಟ್ರೂ ಸೇರಿ ಒಂದು ಕಾರು ನಿಲ್ಲುವಷ್ಟು ಜಾಗ ಬಗೆದೆವು. ಕೆಳಗೆ ಸಿಕ್ಕಿದ್ದು ಇಟ್ಟಿಗೆ ಚೂರು, ಸಿಮೆಂಟ್ ಚೀಲದ ಪ್ಲಾಸ್ಟಿಕ್ಕು, ಆಮೇಲೆ ಒಣ ಕೆಂಪು ಮಣ್ಣು. ಜೀವ ಅನ್ನುವುದು ಒಂದು ಇರುವೆಯೂ ಇರಲಿಲ್ಲ. ಮೇಷ್ಟ್ರು ಹಾರೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದರು.

ಗುಂಡಿ ಮುಚ್ಚಿಸಿ ಎಂದು ರಸ್ತೆಯವರೆಲ್ಲ ಹೇಳಿದರು. ಮೇಷ್ಟ್ರು ಮುಚ್ಚಿಸಲಿಲ್ಲ. ಆದರೆ ಅದರ ಹತ್ತಿರ ಹೋಗುವುದನ್ನೂ ಬಿಟ್ಟರು. ಊಟ ಕಮ್ಮಿಯಾಯಿತು ಎಂದು ಜಯಮ್ಮನವರು ಫೋನಿನಲ್ಲಿ ಹೇಳಿದರು. ಒಂದು ದಿನ ನಾನು ಹೋದಾಗ ಆಕೆ ಅಕ್ಕಿ ತೊಳೆದ ನೀರನ್ನು ತಂದು ಗುಂಡಿಗೆ ಸುರಿಯುತ್ತಿದ್ದರು. ಅದರಲ್ಲಿ ತರಕಾರಿ ಸಿಪ್ಪೆ, ಒಣಗಿದ ಎಲೆ ಬೇರೆ ಇತ್ತು. "ದಿನಾ ಹಾಕ್ತೀನಿ. ಅವ್ರಿಗೆ ಹೇಳ್ಬೇಡ, ಹಾಳಾದ್ ಹುಳ" ಎಂದರು.

ಮಳೆಗಾಲ ಹಿಡಿಯಿತು. ಎರಡು ಮೂರು ದಿನ ಬಿಡದೆ ಸುರಿದು ನಿಂತ ಒಂದು ಬೆಳಗ್ಗೆ ನನ್ನ ಫೋನ್ ಹೊಡೆದುಕೊಂಡಿತು.

"ಮಂಜಾ, ಬೇಗ ಬಾರೋ" ಎಂದರು ಜಯಮ್ಮನವರು. "ನಿಮ್ಮ ಮೇಷ್ಟ್ರು ಗುಂಡೀಲಿ ಕೂತ್ಕೊಂಡು ಅಳ್ತಾ ಅವ್ರೆ."

ಕಾಲೇಜಿಗೆ ರಜೆ ಹಾಕಿ ಓಡಿದೆ. ಮೇಷ್ಟ್ರು ಕೆಸರಲ್ಲಿ ಮಂಡಿಯೂರಿ ಕೂತಿದ್ದರು, ಪಂಚೆಯೆಲ್ಲ ಕೆಂಪಾಗಿತ್ತು. ಅಂಗೈ ತುಂಬ ಮಣ್ಣು, ಮಣ್ಣಿನಲ್ಲಿ ಒಂದು ಹುಳ ಮೆಲ್ಲಗೆ ಹೊರಳುತ್ತಿತ್ತು. ಮೊಣಕಾಲ ಪಕ್ಕದ ಕೊಳೆತ ಸಿಪ್ಪೆಯ ಕೆಳಗೆ ಇನ್ನೊಂದು. ನಾನೂ ಕೆಸರಿಗೆ ಇಳಿದು, ಕನ್ನಡಕ ಒರೆಸಿಕೊಂಡು, ಬಗ್ಗಿ ನೋಡಿದೆ. ಪಟ್ಟಿ ಎದೆಯ ಹತ್ತಿರ ಇರಲಿಲ್ಲ. ಕೆಳಗಿತ್ತು.

ಮೇಷ್ಟ್ರು ಹುಳವನ್ನು ಬೆರಳಿಂದಲೂ ಒತ್ತದೆ ಮಣ್ಣಿಗೆ ಬಿಟ್ಟು, ಮೇಲೆ ಒಂದು ಹಿಡಿ ಎಲೆ ಎಳೆದರು. ಜಯಮ್ಮನವರು ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

"ಮಂಜ, ಆಯಮ್ಮನಿಗೆ ಫೋನ್ ಮಾಡೋ" ಎಂದರು ಮೇಷ್ಟ್ರು. "ಅದನ್ನ ಕೊಯ್ಯೋಕೆ ಹೇಳು."